ಜವಾಬು ಕೊಡುವ ಸರ್ಕಾರ

(ಮಂಡ್ಯದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ನಮ್ಮ ಜಿಲ್ಲೆಯ ನೆಲಕ್ಕೆ ಅದು ಬಹಳ ಹಳೆಯ ಮಾತು. ಮದ್ದೂರು ತಾಲ್ಲೂಕಿನ ಆತಕೂರು ಶಾಸನ ನಿಮಗೆ ಗೊತ್ತಿದೆ, ಕ್ರಿ.ಶ. 949–50ರ ಸುಮಾರಿನದು. ಗಂಗರ ದೊರೆ ಇಮ್ಮಡಿ ಬೂತುಗ ತನ್ನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು, ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡರೆ ಪೂಜಾರಿ ಗೊರವನಿಗೆ ಪಾಪ ತಟ್ಟುತ್ತದೆ ಎಂದು ಕಲ್ಲಿನ ಮೇಲೆಯೇ ಬರೆಸಿದರು. ನಮ್ಮ ಶಾಸನಗಳೆಲ್ಲ ಹೆಚ್ಚುಕಡಿಮೆ ಹೀಗೇ ಮುಗಿಯುತ್ತವೆ. ದತ್ತಿ ಕೆಡಿಸಿದವನು ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ. ಕೊಟ್ಟ ಮಾತಿಗೆ ಒಂದು ಕಾವಲು ಬೇಕಲ್ಲ, ಆ ಕಾಲದ ಕಾವಲು ಶಾಪ.

ಇವತ್ತು ಸರ್ಕಾರ ನಮಗೆ ಕೊಟ್ಟ ಮಾತಿಗೆ ಕಾವಲು ಯಾವುದು? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಕಾಲೇಜಿನಲ್ಲಿ ಅಲ್ಲ. ನಮ್ಮ ತಾತ ತೀರಿಕೊಂಡ ಮೇಲೆ ನಾಲೆಯ ಕೆಳಗಿನ ಹದಿನೆಂಟು ಗುಂಟೆ ಗದ್ದೆಗೆ ಪೌತಿ ಖಾತೆ ಮಾಡಿಸಲು ಅಪ್ಪ ಅಲೆಯುತ್ತಿದ್ದರು. ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಯಾವ ಕಛೇರಿ ಎಂಬುದು ಬೇಡ. ಮೂರು ಸಲ ಹೋದಾಗಲೂ ಒಂದೇ ಮಾತು, “ಆಗಲ್ಲ, ಹೋಗಿ.” ನಾಲ್ಕನೆಯ ಸಲ ಅಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಮೇಜಿನ ಮುಂದೆ ನಿಂತರು. “ಆಗಲ್ಲ ಅನ್ನದಾದ್ರೆ ಯಾಕಾಗಲ್ಲ ಅಂತ ಬರ್ದು ಕೊಡಿ ಸ್ವಾಮಿ” ಎಂದರು. ದನಿ ಏರಿಸಲಿಲ್ಲ. ಆದರೆ ಆ ಕೋಣೆಯಲ್ಲಿ ಕಡತ ತಿರುವುವ ಸದ್ದು ನಿಂತುಹೋದದ್ದು ನನಗಿನ್ನೂ ನೆನಪಿದೆ.

ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಜಾನ್ ಲಾಕ್ ಎಂಬ ಹೆಸರನ್ನು ಅವರು ಕೇಳಿರಲಿಲ್ಲ. ಆದರೂ ಯುರೋಪಿನ ತತ್ತ್ವಜ್ಞಾನಿಗಳು ನೂರು ವರ್ಷ ಹೆಣಗಿ ಕಟ್ಟಿದ ವಿಚಾರದ ತಿರುಳು ಆ ಒಂದು ವಾಕ್ಯದಲ್ಲಿತ್ತು ಎಂದು ನಾನು ನಂಬಿದ್ದೇನೆ. ಅದು ಅವರ ಬಾಯಿಗೆ ಹೇಗೆ ಬಂತು, ಯಾವ ದಾರಿಯಲ್ಲಿ ನಮ್ಮ ಊರಿಗೆ ಬಂತು ಎನ್ನುವುದೇ ಇವತ್ತಿನ ನನ್ನ ವಿಷಯ.

ಮೊದಲು ಪಶ್ಚಿಮದ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಪಠ್ಯಪುಸ್ತಕಗಳಲ್ಲಿ ಅದು ಬೇಕಾದಷ್ಟಿದೆ. ‘ರಾಜಾ ಪ್ರತ್ಯಕ್ಷ ದೇವತಾ’ ಎಂಬ ನಂಬಿಕೆ ನಮ್ಮಲ್ಲಿದ್ದ ಹಾಗೆ ಇಂಗ್ಲೆಂಡಿನಲ್ಲೂ ರಾಜನಿಗೆ ಅಧಿಕಾರ ದೇವರಿಂದ ಬಂದದ್ದು ಎಂಬ ವಾದವಿತ್ತು. 1689ರಲ್ಲಿ ಹೊರಬಂದ ತನ್ನ ಎರಡು ಪ್ರಬಂಧಗಳಲ್ಲಿ ಲಾಕ್ ಅದನ್ನು ಒಡೆದು ಹಾಕಿದ. ಆಳುವವನ ಅಧಿಕಾರ ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಬಂದದ್ದು, ಜೀವ, ಸ್ವಾತಂತ್ರ್ಯ, ಸ್ವತ್ತುಗಳನ್ನು ಕಾಯುವುದಕ್ಕೇ ಸರ್ಕಾರ ಇರುವುದು, ಒಪ್ಪಿಗೆಯಿಲ್ಲದೆ ಕರ ಹಾಕುವಂತಿಲ್ಲ ಎಂದ. 1748ರಲ್ಲಿ ಮಾಂಟೆಸ್ಕ್ಯೂ ಅಧಿಕಾರವನ್ನು ಒಂದೇ ಕೈಯಲ್ಲಿ ಇಡಬೇಡಿ ಎಂದ. 1762ರಲ್ಲಿ ರೂಸೋ ಕಾನೂನು ಎನ್ನುವುದು ಜನರ ಒಟ್ಟು ಇಚ್ಛೆ ಎಂದ. 1776ರಲ್ಲಿ ಅಮೆರಿಕ, 1789ರಲ್ಲಿ ಫ್ರಾನ್ಸ್ ಈ ವಿಚಾರಗಳನ್ನು ಘೋಷಣೆಗಳಾಗಿ ಬರೆದುಕೊಂಡವು.

ಲಾಕ್‌ನ ಒಂದು ಮಾತಿನ ಹತ್ತಿರ ಮಾತ್ರ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅದು ಮಂಡ್ಯದವರಿಗೆ ಬೇಗ ಅರ್ಥವಾಗುವ ಮಾತು. ಭೂಮಿ ಯಾರದು? ಅದರಲ್ಲಿ ತನ್ನ ದುಡಿಮೆ ಬೆರೆಸಿದವನದು ಎಂದ ಅವನು. ನಮ್ಮಲ್ಲಿ ‘ಹಕ್ಕು’ ಎಂಬ ಮಾತು ಅರಬ್ಬಿಯಿಂದ ಬಂದು ಕಂದಾಯದ ದಫ್ತರದಲ್ಲಿ ಬೇರುಬಿಟ್ಟಿತು. ಹಳ್ಳಿಯಲ್ಲಿ ಇವತ್ತಿಗೂ ಹಕ್ಕು ಎಂದರೆ ಮೊದಲು ನೆನಪಾಗುವುದು ವಾಕ್ ಸ್ವಾತಂತ್ರ್ಯ ಅಲ್ಲ. ಹಕ್ಕುಪತ್ರ, ಹಕ್ಕುದಾರ, ಪಹಣಿಯ ಕಾಲಂ. ಉಳುವವನೇ ಹೊಲದೊಡೆಯ ಎಂದು 1974ರಲ್ಲಿ ಭೂಸುಧಾರಣೆ ಜಾರಿಯಾದಾಗ, ಫಾರಂ ನಂಬರ್ 7 ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರ ಹೇಳಿದ್ದೂ ಇದನ್ನೇ, ನಾನು ಉತ್ತಿದ್ದೇನೆ, ಆದ್ದರಿಂದ ನನ್ನದು. ಲಾಕ್ ಈ ವಾದ ಹೂಡಿದ್ದು ಸ್ವತ್ತುಳ್ಳವರ ಪರವಾಗಿ. ಗುಲಾಮರ ವ್ಯಾಪಾರ ನಡೆಸುತ್ತಿದ್ದ ಕಂಪನಿಯಲ್ಲಿ ಅವನ ಹಣವೂ ಇತ್ತು. ಆದರೆ ವಾದವೊಂದು ಹೊರಗೆ ಬಿದ್ದ ಮೇಲೆ ಹೂಡಿದವನ ಕೈಯಲ್ಲಿ ಉಳಿಯುವುದಿಲ್ಲ. ಸ್ವತ್ತಿಲ್ಲದವನೂ ಅದನ್ನು ಎತ್ತಿಕೊಳ್ಳುತ್ತಾನೆ.

ಫ್ರಾನ್ಸಿನ ಕ್ರಾಂತಿಯ ಸದ್ದು ನಮ್ಮ ಜಿಲ್ಲೆಗೆ ಬಹಳ ಬೇಗ ತಲುಪಿತ್ತು. 1797ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚ್ ಸಿಪಾಯಿಗಳು ಜಾಕೋಬಿನ್ ಕ್ಲಬ್ಬು ಕಟ್ಟಿ ಸ್ವಾತಂತ್ರ್ಯದ ಮರ ನೆಟ್ಟರು, ಟಿಪ್ಪು ಸುಲ್ತಾನ್ ಅದನ್ನು ಮನ್ನಿಸಿದ ಎಂಬ ಕತೆ ಪ್ರಸಿದ್ಧ. ಆ ಕ್ಲಬ್ಬಿನ ಕಾಗದಪತ್ರಗಳನ್ನು ಬ್ರಿಟಿಷರು ತಮ್ಮ ಯುದ್ಧದ ಪ್ರಚಾರಕ್ಕೆ ಬಳಸಿಕೊಂಡರು. ಅವುಗಳ ಸಾಚಾತನವನ್ನೇ ಪ್ರಶ್ನಿಸಿದ ಇತಿಹಾಸಕಾರರಿದ್ದಾರೆ. ಎರಡು ವರ್ಷದಲ್ಲೇ, 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೇನೆ ಹಿಮ್ಮೆಟ್ಟಿತು, ಮೇ ತಿಂಗಳಲ್ಲಿ ಪಟ್ಟಣ ಬಿತ್ತು. ಆ ಮರ ಇಲ್ಲಿ ಬೇರು ಬಿಡಲಿಲ್ಲ. ಅದನ್ನು ನೆಟ್ಟವರು ಸಂಬಳದ ಸಿಪಾಯಿಗಳು, ಸುತ್ತಲಿನ ರೈತ ಅದರ ನೆರಳಿಗೆ ಬರಲೇ ಇಲ್ಲ.

ರೈತ ತನ್ನದೇ ದಾರಿಯಲ್ಲಿ ಬಂದ. 1830–31ರಲ್ಲಿ ಮಲೆನಾಡಿನ ನಗರದ ಸೀಮೆಯಲ್ಲಿ ಎದ್ದ ದಂಗೆಯ ವಿಚಾರ ಓದಿ ನೋಡಿ. ಕಂದಾಯದ ಹಿಂಸೆ ತಡೆಯಲಾರದೆ ಹಳ್ಳಿಹಳ್ಳಿಯ ರೈತರು ಒಂದೆಡೆ ಸೇರಿ ‘ಕೂಟ’ ಕಟ್ಟಿದರು. ನಮ್ಮ ದೂರು ಕೇಳುವವರೆಗೆ ಕಂದಾಯ ಕೊಡುವುದಿಲ್ಲ ಎಂದು ಕೂತರು. ಒಪ್ಪಿಗೆಯಿಲ್ಲದ ಕರದ ಬಗ್ಗೆ ಲಾಕ್ ಬರೆದದ್ದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಆ ದಂಗೆಯನ್ನೇ ನೆಪ ಮಾಡಿಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಐವತ್ತು ವರ್ಷ ಮೈಸೂರನ್ನು ಆಳಿದ್ದು ಕಮಿಷನರುಗಳು.

ಸ್ವಾತಂತ್ರ್ಯದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಅತ್ಯಂತ ಹೆಸರಾದ ಪುಸ್ತಕ ಬರೆದ ಜಾನ್ ಸ್ಟುವರ್ಟ್ ಮಿಲ್ ಆ ಕಾಲದಲ್ಲಿ ಏನು ಮಾಡುತ್ತಿದ್ದ ಗೊತ್ತೆ? ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಛೇರಿಯಲ್ಲಿ ಕೂತು ಭಾರತದ ದೇಶೀ ಸಂಸ್ಥಾನಗಳಿಗೆ ಸಂಬಂಧಿಸಿದ ಪತ್ರಗಳ ಕರಡು ತಯಾರಿಸುತ್ತಿದ್ದ. 1823ರಿಂದ 1858ರವರೆಗೆ, ಮೂವತ್ತೈದು ವರ್ಷ, ಅದೇ ಅವನ ನೌಕರಿ. 1859ರಲ್ಲಿ ಸ್ವಾತಂತ್ರ್ಯದ ಪುಸ್ತಕ ಬಂತು. ಅದರ ಆರಂಭದಲ್ಲೇ, ಈ ತತ್ತ್ವ ಪ್ರೌಢರಾದ ಜನಾಂಗಗಳಿಗೆ ಮಾತ್ರ, ಇನ್ನೂ ಬೆಳೆಯದ ಸಮಾಜಗಳಿಗೆ ಒಳ್ಳೆಯ ನಿರಂಕುಶ ಪ್ರಭುತ್ವವೇ ಸರಿ ಎಂಬ ಅರ್ಥದ ಮಾತಿದೆ. ಆ ಪುಟವನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ. ವಿವೇಚನೆ ಎಲ್ಲ ಮನುಷ್ಯರಿಗೂ ಇದೆ ಎಂದು ಶುರುವಾದ ವಿಚಾರ, ಯಾರ ವಿವೇಚನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಕಡೆ ಬಂದಾಗ ಬಾಗಿಲು ಹಾಕಿಕೊಂಡಿತು. ಆ ಬಾಗಿಲನ್ನು ತೆರೆಸಿದವರು ಹೊರಗೆ ನಿಂತವರೇ.

1881ರಲ್ಲಿ ಮೈಸೂರು ಮತ್ತೆ ಒಡೆಯರ ಮನೆತನಕ್ಕೆ ಬಂತು. ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಬಂದವರು 144 ಮಂದಿ, ಹೆಚ್ಚಿನವರು ಭೂಹಿಡುವಳಿದಾರರು, ವರ್ತಕರು. ಮದ್ದೂರು ಮಳವಳ್ಳಿಗಳು ಆಗ ಮೈಸೂರು ಜಿಲ್ಲೆಯಲ್ಲಿದ್ದವು, ಮಂಡ್ಯ ಜಿಲ್ಲೆ ಎಂಬುದೇ ಇರಲಿಲ್ಲ. ದಸರಾ ನೋಡಲು ಬಂದ ಹಾಗೂ ಆಯಿತು, ಕೆರೆ ಕಟ್ಟೆ ರಸ್ತೆಗಳ ಅಹವಾಲು ಹೇಳಿಕೊಂಡ ಹಾಗೂ ಆಯಿತು. ಭಾರತದ ಸಂಸ್ಥಾನವೊಂದರಲ್ಲಿ ಇಂಥ ಸಭೆ ಅದೇ ಮೊದಲು, ಆ ಹೆಮ್ಮೆ ನಮಗಿರಬೇಕು. ಡಿ.ವಿ. ಗುಂಡಪ್ಪನವರು ರಂಗಾಚಾರ್ಲು ಅವರ ಜೀವನವನ್ನು ಕನ್ನಡದಲ್ಲಿ ಬರೆದದ್ದು ಸುಮ್ಮನೆ ಅಲ್ಲ. ಆದರೆ ಆ ಸಭೆಗೆ ಮತ ಹಾಕುವ ಅಧಿಕಾರವಿರಲಿಲ್ಲ. ಪ್ರತಿನಿಧಿ ಹೇಳಬಹುದು, ದಿವಾನರು ಕೇಳುತ್ತಾರೆ, ತೀರ್ಮಾನ ದಿವಾನರದು.

ಇದಕ್ಕೆ ಸರಿಸಮನಾದ ಮಾತು ಜರ್ಮನಿಯ ಕಾಂಟ್‌ನಲ್ಲಿದೆ. ಸ್ವಂತ ಬುದ್ಧಿ ಬಳಸುವ ಧೈರ್ಯ ಮಾಡಿ ಎಂದು 1784ರಲ್ಲಿ ಪ್ರಬಂಧ ಬರೆದ ಅವನೇ, ಅದೇ ಪ್ರಬಂಧದಲ್ಲಿ ತನ್ನ ದೊರೆ ಫ್ರೆಡರಿಕ್‌ನನ್ನು ಮೆಚ್ಚಿಕೊಳ್ಳುತ್ತಾನೆ. ಎಷ್ಟು ಬೇಕಾದರೂ ವಾದ ಮಾಡಿ, ಆದರೆ ಹೇಳಿದ ಹಾಗೆ ಕೇಳಿ ಎನ್ನುವುದು ಆ ದೊರೆಯ ನಿಲುವು. ದಸರಾ ಸಭೆಯ ರೀತಿಯೂ ಅದೇ. ಮಾತಿಗೆ ಅಡ್ಡಿಯಿಲ್ಲ. ಜವಾಬು ಕೊಡಲೇಬೇಕೆಂಬ ನಿಯಮವಿಲ್ಲ.

ನಿಯಮ ತರಲು ಮುಂದಾದದ್ದು ತತ್ತ್ವಶಾಸ್ತ್ರದ ಒಬ್ಬ ಮೇಷ್ಟ್ರು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ನಾವು ಸಾಕಷ್ಟು ಹೇಳಿಲ್ಲ. ಆ ದಿನಗಳ ಮೈಸೂರಿನಲ್ಲಿ ತತ್ತ್ವಶಾಸ್ತ್ರಕ್ಕೆ ದೊಡ್ಡ ಮರ್ಯಾದೆ ಇತ್ತು. 1918ರಿಂದ 21ರವರೆಗೆ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್ ಮುಂದೆ ರಾಷ್ಟ್ರಪತಿಯಾದರು. 1921ರಲ್ಲಿ ಕಲ್ಕತ್ತದಿಂದ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದವರು ಬ್ರಜೇಂದ್ರನಾಥ ಸೀಲ್. ವಿವೇಕಾನಂದರ ಕಾಲೇಜಿನ ಒಡನಾಡಿ, ಹೆಗೆಲನನ್ನೂ ನ್ಯಾಯ ವೈಶೇಷಿಕಗಳನ್ನೂ ಅರೆದು ಕುಡಿದ ಪಂಡಿತ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ರಾಜ್ಯಾಂಗ ಸುಧಾರಣೆಯ ಸಮಿತಿಗೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. 1923ರಲ್ಲಿ ವರದಿ ಬಂತು. ಅದರ ಹಿಂದೆಯೇ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಬುನಾದಿ ಸಿಕ್ಕಿತು. ಹೊಸ ಕರ ಹಾಕುವ ಮುಂಚೆ, ಹೊಸ ಕಾನೂನಿನ ತತ್ತ್ವಗಳ ಬಗ್ಗೆ, ಸಭೆಯನ್ನು ಕೇಳಲೇಬೇಕು ಎಂದಾಯಿತು. ಹೆಂಗಸು ಎಂಬ ಒಂದೇ ಕಾರಣಕ್ಕೆ ಮತ ನಿರಾಕರಿಸುವ ಅಡ್ಡಗೋಡೆಯೂ ಬಿತ್ತು. ಹೆಣ್ಣಿನ ಹಕ್ಕಿನ ಪರವಾಗಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಪುಸ್ತಕ ಬರೆದಿದ್ದಳು. ಅವಳ ಇಂಗ್ಲೆಂಡಿನಲ್ಲಿ ಗಂಡಿಗೆ ಸಮನಾದ ಮತ ಹೆಣ್ಣಿಗೆ ಸಿಕ್ಕಿದ್ದು 1928ರಲ್ಲಿ.

ಇಷ್ಟೆಲ್ಲ ಮಾಡಿದ ಸೀಲ್ ಒಂದು ಹೆಜ್ಜೆ ಇಡಲಿಲ್ಲ. ಸರ್ಕಾರ ಶಾಸನಸಭೆಗೆ ಹೊಣೆಯಾಗಿರಬೇಕು ಎಂಬುದನ್ನು ಒಪ್ಪಲಿಲ್ಲ. ಪಶ್ಚಿಮದ ಪಕ್ಷ ರಾಜಕೀಯದ ಮಾದರಿಯಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಪಕ್ಷಗಳ ಇವತ್ತಿನ ಕಚ್ಚಾಟ ನೋಡಿದಾಗ ಅವರ ಅಳುಕು ಅರ್ಥವಾಗದ್ದೇನಲ್ಲ. ಆದರೂ ಅವರು ತಪ್ಪಿದರು ಎಂದೇ ನನ್ನ ಅಭಿಪ್ರಾಯ. ಕೇಳಿ ತೀರ್ಮಾನಿಸುವ ದೊರೆ ಎಷ್ಟೇ ಒಳ್ಳೆಯವನಾಗಿರಲಿ, ಕೇಳದಿದ್ದರೆ ಏನು ಎಂಬ ಪ್ರಶ್ನೆಗೆ ಅವರ ವರದಿಯಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಪ್ರಶ್ನೆಯೂ ಉಳಿದಿತ್ತು. ಕೇಳಿಸಿಕೊಳ್ಳುವ ಕುರ್ಚಿಯಲ್ಲಿ ಯಾರು ಕೂತಿದ್ದಾರೆ? ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆಂದು 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ದನಿ ಎತ್ತಿತು. ಅದನ್ನು ಪರಿಶೀಲಿಸಲು ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ನೇಮಕಕ್ಕೆ ಅರ್ಹತೆಯೊಂದೇ ಅಳತೆಗೋಲು ಎಂಬ ನಿಲುವಿನ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಅವರ ಮೇಲಿನ ಗೌರವ ಈ ಜಿಲ್ಲೆಯಲ್ಲಿ ಯಾರಿಗೂ ಕಡಿಮೆಯಿಲ್ಲ, ನಾವು ಉಣ್ಣುವ ಅನ್ನದಲ್ಲಿ ಅವರ ನೀರಿದೆ. ಆದರೆ ಶಾಲೆಯ ಬಾಗಿಲನ್ನೇ ಕಾಣದ ಮನೆಗಳ ಮಕ್ಕಳಿಗೆ ಆ ಅಳತೆಗೋಲು ಎಟುಕುವುದು ಹೇಗೆ ಎಂದು ಕೇಳಿದವರ ಮಾತು ನ್ಯಾಯವಾದದ್ದು.

ಹಾಗೆ ಕೇಳುವುದನ್ನು ನಾವು ಯುರೋಪಿನಿಂದ ಕಲಿಯಬೇಕಾಗಿರಲಿಲ್ಲ. ಮಳವಳ್ಳಿ ತಾಲ್ಲೂಕಿನಿಂದ ಬಂದವರಿಗೆ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಗದ್ದುಗೆ ಗೊತ್ತು. ನೀಲಗಾರರು ರಾತ್ರಿಯಿಡೀ ಹಾಡುವ ಆ ಕಾವ್ಯದಲ್ಲಿ ಮಂಟೇಸ್ವಾಮಿ ಬಸವಣ್ಣನವರ ಕಲ್ಯಾಣಕ್ಕೆ ಹೋಗುತ್ತಾನೆ. ಎಲ್ಲರೂ ಸಮಾನರು ಎಂದು ಹೆಸರಾದ ಊರು ಅದು. ಆದರೆ ಕೊಳಕು ವೇಷದ ಕೀಳು ಕುಲದವನಾಗಿ ಬಾಗಿಲಿಗೆ ಬಂದ ಇವನನ್ನು ಬಾಗಿಲಲ್ಲೇ ತಡೆಯುತ್ತಾರೆ, ಬಡಿಯುತ್ತಾರೆ. ಸಮಾನತೆ ಸಾರುವವರ ಸಮಾನತೆ ಎಲ್ಲಿಯವರೆಗೆ ಎಂದು ಪರೀಕ್ಷೆ ಮಾಡುವ ಕತೆ ಅದು. ನಾನು ಚಿಕ್ಕವನಿದ್ದಾಗ ಕೇಳಿದ್ದೆ, ತಂಬೂರಿಯ ಜೊತೆಗೆ ಗಗ್ಗರದ ಸದ್ದು, ನಡುವೆ ಕಾಫಿ ಕುಡಿಯಲು ಎದ್ದವರು ಆ ಬಾಗಿಲಿನ ಭಾಗ ಬಂದಾಗ ಓಡಿ ಬಂದು ಕೂತುಕೊಳ್ಳುತ್ತಿದ್ದರು. ಮಿಲ್‌ನ ಬಾಗಿಲು, ಕಲ್ಯಾಣದ ಬಾಗಿಲು, ಕಛೇರಿಯ ಬಾಗಿಲು ನನ್ನ ಮನಸ್ಸಿನಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ. ಸ್ವಾತಂತ್ರ್ಯ, ಸಮಾನತೆ, ಸಹೋದರತೆಗಳನ್ನು ತಾವು ಫ್ರಾನ್ಸಿನಿಂದ ಎರವಲು ತಂದದ್ದಲ್ಲ, ಬುದ್ಧನಿಂದ ಪಡೆದದ್ದು ಎಂದು ಅಂಬೇಡ್ಕರ್ 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದರು. ಕೊಲಂಬಿಯಾದಲ್ಲಿ ಜಾನ್ ಡ್ಯೂಯಿ ಎಂಬ ತತ್ತ್ವಜ್ಞಾನಿಯ ಪಾಠ ಕೇಳಿ, ಅವನನ್ನು ಕೊನೆಯವರೆಗೂ ಗೌರವಿಸಿದವರು ಆಡಿದ ಮಾತು ಅದು.

ಈಗ ಮದ್ದೂರಿಗೆ ಬರೋಣ.

ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಹರಿದು ಬಂದಾಗ ಬರಡು ನೆಲ ಗದ್ದೆಯಾಯಿತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ನೀರಿನ ಜೊತೆಗೆ ನೀರಿನ ಲೆಕ್ಕವೂ ಬಂತು. ನಾಲೆ ನೀರಿಗೆ ಸರ್ಕಾರ ಹೊರಿಸಿದ ಹೊರೆಯ ವಿರುದ್ಧ ಮೂವತ್ತರ ದಶಕದ ಆರಂಭದಲ್ಲಿ ಇಲ್ಲಿನ ರೈತರು ಚಳವಳಿ ಹೂಡಿದರು. ನೂರು ವರ್ಷ ಹಿಂದೆ ನಗರದ ಕೂಟದವರು ಎತ್ತಿದ ಪ್ರಶ್ನೆಯೇ ಇಲ್ಲಿಯೂ ಎದ್ದಿತು. ನಮ್ಮನ್ನು ಕೇಳದೆ ಹೇಗೆ ಹಾಕಿದಿರಿ? ಪೇಟೆಯ ವಕೀಲರ ಕಾಂಗ್ರೆಸ್ಸು, ಹಳ್ಳಿಯ ಒಕ್ಕಲಿನ ಸಂಘಟನೆ ಬೇರೆಬೇರೆಯಾಗಿದ್ದವು. 1937ರಲ್ಲಿ ಅವು ಒಂದಾದವು. ಮೈಸೂರು ಕಾಂಗ್ರೆಸ್ಸು ತನ್ನ ಮೊದಲ ಅಧಿವೇಶನಕ್ಕೆ ಬೆಂಗಳೂರನ್ನೂ ಮೈಸೂರನ್ನೂ ಬಿಟ್ಟು ಶಿಂಷಾ ಹೊಳೆಯ ಬಳಿಯ ಶಿವಪುರವನ್ನು ಆರಿಸಿಕೊಂಡದ್ದರ ಹಿಂದೆ ಈ ಕತೆಯಿದೆ.

1938ರ ಏಪ್ರಿಲ್ 11. ಬೇಸಿಗೆ, ಗದ್ದೆಯ ಕೂಳೆ ಒಣಗಿದ ಕಾಲ. ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಚರಕದ ಧ್ವಜ ಹಾರಿಸಕೂಡದೆಂದು ಸರ್ಕಾರ ನಿಷೇಧಾಜ್ಞೆ ಹೊರಡಿಸಿತ್ತು. ಸಭೆ ನಡೆದದ್ದು ಸರ್ಕಾರಿ ಮೈದಾನದಲ್ಲಲ್ಲ, ರೈತರ ಜಮೀನಿನಲ್ಲಿ. ಇದನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ತಾನು ಉತ್ತ ನೆಲದಲ್ಲಿ ತಾನು ಕಂಬ ನೆಟ್ಟು ಬಟ್ಟೆ ಕಟ್ಟಿದರೆ ಸರ್ಕಾರಕ್ಕೇನು ಎಂದು ಕೇಳುವಷ್ಟು ಹಕ್ಕು ಎಂಬ ಮಾತು ಪಹಣಿಯ ಕಾಲಂ ಬಿಟ್ಟು ಮೇಲೆದ್ದಿತ್ತು. ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಧ್ವಜಸ್ತಂಭದ ಕಡೆ ನಡೆದರು, ದಸ್ತಗಿರಿಯಾದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಎಂ.ಎನ್. ಜೋಯಿಸ್, ಎಚ್.ಕೆ. ವೀರಣ್ಣಗೌಡ, ಸಾಹುಕಾರ್ ಚನ್ನಯ್ಯ ಮೊದಲಾದವರ ಹೆಸರು ಆ ದಿನಗಳೊಡನೆ ಸೇರಿಹೋಗಿದೆ. ಹಿಡಿದಷ್ಟೂ ಜನ ಬಂದರು. ಧ್ವಜ ಏರಿತು.

ಅವರ ಬೇಡಿಕೆಗೆ ಕನ್ನಡದಲ್ಲಿ ಇದ್ದ ಹೆಸರು ‘ಜವಾಬ್ದಾರಿ ಸರ್ಕಾರ’. ಪಠ್ಯಪುಸ್ತಕದಲ್ಲಿ ಈ ಮಾತನ್ನು ಓದುತ್ತ ಓದುತ್ತ ನಾವು ಅದರ ಒಳಗೆ ನೋಡುವುದನ್ನೇ ಬಿಟ್ಟಿದ್ದೇವೆ. ಜವಾಬು ಎಂದರೆ ಉತ್ತರ. ಜವಾಬ್ದಾರ ಎಂದರೆ ಉತ್ತರ ಕೊಡಬೇಕಾದವನು. ಒಳ್ಳೆಯ ಸರ್ಕಾರ ಕೊಡಿ ಎಂದು ಅವರು ಕೇಳಲಿಲ್ಲ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಒಳ್ಳೆಯ ಸರ್ಕಾರವೆಂದು ದೇಶವೆಲ್ಲ ಹೊಗಳುತ್ತಿತ್ತು, ರಸ್ತೆ, ದೀಪ, ಕಾರ್ಖಾನೆ ಎಲ್ಲ ಇದ್ದವು. ಅವರು ಕೇಳಿದ್ದು ಕೇಳಿದಾಗ ಉತ್ತರ ಕೊಡಬೇಕಾದ ಸರ್ಕಾರ. ಸೀಲ್ ಅವರ ವರದಿ ನಿಂತ ಜಾಗದಿಂದ ಶಿವಪುರದ ಗದ್ದೆಬಯಲು ಮುಂದಕ್ಕೆ ಹೆಜ್ಜೆ ಇಟ್ಟಿತು.

ಮುಂದಿನ ಕತೆಗೆ ರಕ್ತದ ಕಲೆ ಇದೆ. ಎರಡೇ ವಾರದಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಇದೇ ಧ್ವಜದ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಸರ್ಕಾರ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ಮೇ ತಿಂಗಳಲ್ಲಿ ಆದ ಒಪ್ಪಂದದಂತೆ ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ಸಿಕ್ಕಿತು, ಅದರ ಧ್ವಜ ಸಂಸ್ಥಾನದ ಧ್ವಜದ ಪಕ್ಕದಲ್ಲಿ ಹಾರಬಹುದೆಂದಾಯಿತು. ಮರುವರ್ಷ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಮಳವಳ್ಳಿಯ ರೈತ ಜಿಲ್ಲಾ ಕಛೇರಿಗೆ ಮೈಸೂರಿನವರೆಗೆ ಹೋಗುವುದು ತಪ್ಪಿತು. ಜವಾಬ್ದಾರಿ ಸರ್ಕಾರಕ್ಕಾಗಿ ಮಾತ್ರ ಇನ್ನೂ ಎಂಟು ವರ್ಷ ಕಾಯಬೇಕಾಯಿತು. ದೇಶ ಸ್ವತಂತ್ರವಾದ ಮೇಲೂ ‘ಮೈಸೂರು ಚಲೋ’ ನಡೆಸಿ, ಜೈಲು ತುಂಬಿ, 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಕೆ.ಸಿ. ರೆಡ್ಡಿ, ಶಿವಪುರದ ಸಿದ್ದಲಿಂಗಯ್ಯ ಇಬ್ಬರೂ ಮೈಸೂರಿನ ಪರವಾಗಿ ಭಾರತದ ಸಂವಿಧಾನ ಸಭೆಯಲ್ಲಿ ಕೂತವರು. ನಿಷೇಧಾಜ್ಞೆ ಮೀರಿ ಹಿಡಿಸಿಕೊಂಡವರು, ನಿಷೇಧಾಜ್ಞೆಗೆ ಎಲ್ಲೆ ಎಲ್ಲಿ ಎಂದು ಬರೆಯುವ ಕಡೆ ಕೂತದ್ದು ನನ್ನನ್ನು ಯಾವಾಗಲೂ ಮುಟ್ಟುತ್ತದೆ.

ಎಲ್ಲೆಯನ್ನು ಅವರು ಹೇಗೆ ಬರೆದರು ಎಂಬುದನ್ನು ಹತ್ತಿರದಿಂದ ನೋಡಿ. ಹತ್ತೊಂಬತ್ತನೆಯ ಅನುಚ್ಛೇದ ಮಾತಾಡುವ, ಶಾಂತವಾಗಿ ಸಭೆ ಸೇರುವ ಹಕ್ಕು ಕೊಡುತ್ತದೆ. ಸರ್ಕಾರ ಅದಕ್ಕೆ ನಿರ್ಬಂಧ ಹಾಕಬಹುದು. ಆದರೆ ಯಾವ ನಿರ್ಬಂಧ? ಸಮಂಜಸವಾದ ನಿರ್ಬಂಧ, ವಿವೇಚನೆಗೆ ಒಪ್ಪುವ ನಿರ್ಬಂಧ. ಹದಿನೆಂಟನೆಯ ಶತಮಾನ ಎತ್ತಿ ಹಿಡಿದ ವಿವೇಚನೆ ಇಲ್ಲಿ ಒಂದು ವಿಶೇಷಣವಾಗಿ ಬಂದು ಕೂತಿದೆ. ಅದು ಸಮಂಜಸವೋ ಅಲ್ಲವೋ ಎಂದು ನಿರ್ಧರಿಸುವವರು ನಿರ್ಬಂಧ ಹಾಕಿದವರಲ್ಲ, ನ್ಯಾಯಾಲಯ. ಅದು ಮಾಂಟೆಸ್ಕ್ಯೂ ಕೊಟ್ಟ ಬುದ್ಧಿ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ ಎನ್ನುವ 265ನೆಯ ಅನುಚ್ಛೇದ ಓದಿದಾಗ ನನಗೆ ನಗರದ ಕೂಟವೂ ಇರ್ವಿನ್ ನಾಲೆಯೂ ಕಣ್ಣಮುಂದೆ ಬರುತ್ತವೆ. ಹದಿನೇಳನೆಯದು ಅಸ್ಪೃಶ್ಯತೆಯನ್ನು ತೊಡೆದು ಹಾಕುತ್ತದೆ, ಮಂಟೇಸ್ವಾಮಿ ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ ಕಾನೂನಿನ ಜವಾಬು ಅದು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಜಿಂದಾಲ್ ಪ್ರಕರಣದಲ್ಲಿ, ಗೌರವದಿಂದ ರಾಷ್ಟ್ರಧ್ವಜ ಹಾರಿಸುವುದು ನಾಗರಿಕನ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಹೇಳಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಾನು ಸ್ಕೂಟರಿನಲ್ಲಿ ಶಿವಪುರಕ್ಕೆ ಹೋಗಿ ಸತ್ಯಾಗ್ರಹ ಸೌಧದ ಮುಂದೆ ಸುಮ್ಮನೆ ನಿಂತು ಬಂದೆ.

ಮರುವರ್ಷವೇ ಮಾಹಿತಿ ಹಕ್ಕು ಕಾಯ್ದೆ ಬಂತು. ಅದನ್ನು ನಾವು ಮಾಹಿತಿ ಕೇಳುವ ಕಾಯ್ದೆ ಎಂದಷ್ಟೇ ತಿಳಿದಿದ್ದೇವೆ. ಅದರ ನಾಲ್ಕನೆಯ ಪ್ರಕರಣದಲ್ಲಿ ಹೆಚ್ಚು ಜನ ನೋಡದ ಒಂದು ಸಾಲಿದೆ. ಸರ್ಕಾರಿ ಪ್ರಾಧಿಕಾರ ತನ್ನ ಆಡಳಿತಾತ್ಮಕ ತೀರ್ಮಾನದ ಕಾರಣಗಳನ್ನು ಅದರಿಂದ ಬಾಧಿತರಾದವರಿಗೆ ಕೊಡಬೇಕು. ವಿದ್ಯಾರ್ಥಿಗಳು ದಯವಿಟ್ಟು ಈ ಸಾಲನ್ನು ಬರೆದುಕೊಳ್ಳಿ. ತಪ್ಪು ಮಾಡಿದ ನೌಕರನಿಗೆ ಸರ್ಕಾರ ‘ಕಾರಣ ಕೇಳಿ ನೋಟಿಸ್’ ಕೊಡುತ್ತದಲ್ಲ, ಇದು ನಾವು ಸರ್ಕಾರಕ್ಕೆ ಕೊಡುವ ಕಾರಣ ಕೇಳಿ ನೋಟಿಸು. ಇದು ಇಂದು ಎಲ್ಲ ಮೇಜಿನ ಮೇಲೂ ನಡೆಯುತ್ತಿದೆ ಎಂದು ನಾನು ಹೇಳಲಾರೆ. ಕಾರಣವಿಲ್ಲದ ನಿಷೇಧಾಜ್ಞೆಗಳು, ಕಾರಣವಿಲ್ಲದ ವಜಾ, ‘ಮೇಲಿನಿಂದ ಬಂದಿದೆ’ ಎಂಬ ಒಂದೇ ಮಾತಿನ ಉತ್ತರಗಳನ್ನು ನೀವೂ ನೋಡಿದ್ದೀರಿ. ಅದನ್ನು ಒಪ್ಪಿಕೊಂಡು ಮನೆಗೆ ಹೋಗುವ ಅಭ್ಯಾಸ ನಮಗೆ ಆಗಿಬಿಟ್ಟಿರುವುದು ನನ್ನನ್ನು ಅಧಿಕಾರಿಗಳ ಉದಾಸೀನಕ್ಕಿಂತ ಹೆಚ್ಚು ನೋಯಿಸುತ್ತದೆ.

ಅಪ್ಪನಿಗೆ ಆ ಕಾಯ್ದೆ ಇರಲಿಲ್ಲ, ಅದಕ್ಕೂ ಬಹಳ ಹಿಂದಿನ ಮಾತು ಅದು. ಅವರು ಹುಡುಗನಾಗಿದ್ದಾಗ ಶಿವಪುರಕ್ಕೆ ಅವರ ಅಪ್ಪನ ಹೆಗಲ ಮೇಲೆ ಕೂತು ಹೋಗಿದ್ದರಂತೆ. ಧ್ವಜ ಸರಿಯಾಗಿ ಕಾಣಲಿಲ್ಲ, ಜನವೇ ಕಂಡದ್ದು ಎನ್ನುತ್ತಿದ್ದರು. ಹಿಡಿದುಕೊಂಡು ಹೋಗುವಾಗ ಒಬ್ಬರು ಪೊಲೀಸಿನವನನ್ನು “ಯಾಕಪ್ಪಾ?” ಎಂದು ಕೇಳಿದರಂತೆ, ಅವನು ತಲೆ ತಗ್ಗಿಸಿದನಂತೆ. ಅಷ್ಟೇ ಅವರಿಗೆ ನೆನಪಿದ್ದದ್ದು.

ಅವತ್ತು ಆ ಕಛೇರಿಯಲ್ಲಿ ಅಪ್ಪ ಕೇಳಿ ಬರೆಸಿಕೊಂಡ ಹಿಂಬರಹ ಈಗ ನನ್ನ ಹತ್ತಿರ ಇದೆ. ಕಬ್ಬಿಣದ ಪೆಟ್ಟಿಗೆಯಲ್ಲಿ, ಕಂದಾಯದ ರಸೀದಿಗಳ ಕಟ್ಟಿನ ನಡುವೆ ಸಿಕ್ಕಿತು. ಮಡಿಕೆಯ ಜಾಗದಲ್ಲಿ ಹರಿದಿದೆ, ಮೇಲುಗಡೆ ನೀಲಿ ಶಾಯಿಯ ಮೊಹರು ಅರ್ಧ ಮಾತ್ರ ಬಿದ್ದಿದೆ. ಅರ್ಜಿದಾರನ ಹೆಸರು, ಸರ್ವೆ ನಂಬರು, ಆಮೇಲೆ ‘ಕಾರಣ’ ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಕೆಳಗೆ ನಾಲ್ಕು ಸಾಲು. ಜಮೀನು ಪೋಡಿಯಾಗಿಲ್ಲ, ಸ್ಕೆಚ್ಚಿನ ವಿಸ್ತೀರ್ಣಕ್ಕೂ ಪಹಣಿಗೂ ತಾಳೆಯಾಗುತ್ತಿಲ್ಲ, ಆದ್ದರಿಂದ ಅರ್ಜಿ ಪರಿಗಣಿಸಲು ಬರುವುದಿಲ್ಲ ಎಂದು. ತಾಳೆಯಾಗದ್ದು ಒಂದೂವರೆ ಗುಂಟೆ. ಅದನ್ನು ಬರೆದುಕೊಟ್ಟ ಗುಮಾಸ್ತರು ಅಪ್ಪನ ಮುಖ ನೋಡದೆ ಕಾಗದವನ್ನು ಮೇಜಿನ ಮೇಲೆ ಜರುಗಿಸಿದರು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ಎರಡು ಸಲ ಓದಿಸಿದರು. ಆಮೇಲೆ ಟವಲನ್ನು ಮತ್ತೆ ಹೆಗಲ ಮೇಲೆ ಹಾಕಿಕೊಂಡು, “ಇಷ್ಟೇನಾ?” ಎಂದರು. ಮಾರನೆಯ ದಿನ ಮೊದಲ ಬಸ್ಸಿಗೆ ಎ.ಸಿ. ಕಛೇರಿಗೆ ಮೇಲ್ಮನವಿ ಬರೆಸಲು ಹೊರಟರು, ಆ ಕಾಗದವನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು.